ಓಡಿಸುವ ಮೊದಲು ನಿಲ್ಲಿಸುವ ಪಾಠ

‘ಬ್ರೇಕ್ ಫೇಲ್: ಲಾರಿ ಪಲ್ಟಿ’ ಎಂಬ ತಲೆಬರಹ ನಮಗೆಲ್ಲ ಎಷ್ಟು ರೂಢಿಯಾಗಿದೆಯೆಂದರೆ, ಬ್ರೇಕು ಕೈಕೊಡುವುದೆಂದರೆ ಸಿಡಿಲಿನ ಹಾಗೆ ಎಲ್ಲಿಂದಲೋ ಬಂದು ಎರಗುವ ಅನಾಹುತ ಎಂದೇ ನಂಬಿಬಿಟ್ಟಿದ್ದೇವೆ. ಗ್ಯಾರೇಜಿನಲ್ಲಿ ಕೈ ಕಪ್ಪು ಮಾಡಿಕೊಂಡ ಯಾವ ಮೇಸ್ತ್ರಿಯನ್ನಾದರೂ ಕೇಳಿ, ಬ್ರೇಕು ಹಾಗೆ ಹೇಳದೆ ಕೇಳದೆ ಕೈಕೊಡುವುದು ಬಲು ಅಪರೂಪ ಎನ್ನುತ್ತಾರೆ. ಪೆಡಲ್ ನಿನ್ನೆಗಿಂತ ಇವತ್ತು ತುಸು ಹೆಚ್ಚು ಕೆಳಗಿಳಿಯುತ್ತದೆ. ಒತ್ತಿದರೆ ಮೆತ್ತಗೆ ಅನ್ನಿಸುತ್ತದೆ. ಚಕ್ರದ ಒಳಮೈಯಲ್ಲಿ ಎಣ್ಣೆಯ ತೇವ ಕಾಣುತ್ತದೆ. ಗಾಡಿ ಎಡಕ್ಕೋ ಬಲಕ್ಕೋ ಎಳೆಯುತ್ತದೆ, ಕರಕರ ಸದ್ದು ಬರುತ್ತದೆ. ವಾರಗಟ್ಟಲೆ ಬ್ರೇಕು ಹೇಳುತ್ತಲೇ ಇರುತ್ತದೆ, ಅದರ ಮಾತು ಬಲ್ಲವರು ಗಾಡಿಯಲ್ಲಿ ಇರುವುದಿಲ್ಲ ಅಷ್ಟೇ. 2022ರ ಒಂದೇ ವರ್ಷದಲ್ಲಿ ಈ ದೇಶದ ರಸ್ತೆಗಳಲ್ಲಿ ಸತ್ತವರು 1.68 ಲಕ್ಷ ಮಂದಿ. ಅದರಲ್ಲಿ ಬ್ರೇಕಿನ ಪಾಲೆಷ್ಟು, ಅತಿವೇಗದ ಪಾಲೆಷ್ಟು ಎಂದು ಬೇರ್ಪಡಿಸುವುದು ಕಷ್ಟ. ವೇಗವೂ ಬ್ರೇಕೂ ಒಂದೇ ಲೆಕ್ಕದ ಎರಡು ಬದಿಗಳು.

ಆ ಲೆಕ್ಕವನ್ನು ಹದಿನಾಲ್ಕು ವರ್ಷದ ಮಕ್ಕಳಿಗೆ ಕಲಿಸುವ ಒಂದು ವಿಷಯ ನಮ್ಮ ಪ್ರೌಢಶಾಲೆಗಳ ಪಟ್ಟಿಯಲ್ಲೇ ಇದೆ. ಎಸ್ಸೆಸ್ಸೆಲ್ಸಿ ಪರೀಕ್ಷೆಯ ವೇಳಾಪಟ್ಟಿಯಲ್ಲಿ ತೃತೀಯ ಭಾಷೆಯ ದಿನದ ಕೆಳಗೆ ‘ಎನ್‌ಎಸ್‌ಕ್ಯೂಎಫ್ ವಿಷಯಗಳು’ ಎಂಬ ಸಾಲು ಇರುತ್ತದೆ: ಮಾಹಿತಿ ತಂತ್ರಜ್ಞಾನ, ರಿಟೇಲ್, ಬ್ಯೂಟಿ ಅಂಡ್ ವೆಲ್‌ನೆಸ್, ಮತ್ತು ಆಟೊಮೊಬೈಲ್. ರಾಷ್ಟ್ರೀಯ ಕೌಶಲ ಅರ್ಹತಾ ಚೌಕಟ್ಟು ಎಂಬ ಉದ್ದ ಹೆಸರಿನ ಈ ವ್ಯವಸ್ಥೆಯನ್ನು ಕೇಂದ್ರ ಸರ್ಕಾರ ಅಧಿಸೂಚಿಸಿದ್ದು 2013ರ ಡಿಸೆಂಬರ್‌ನಲ್ಲಿ. ಪಠ್ಯಕ್ರಮ ಸಿದ್ಧವಾಗುವುದು ಭೋಪಾಲದ ಪಂಡಿತ ಸುಂದರಲಾಲ್ ಶರ್ಮಾ ವೃತ್ತಿಶಿಕ್ಷಣ ಕೇಂದ್ರ ಸಂಸ್ಥೆಯಲ್ಲಿ. ಆಯ್ದ ಸರ್ಕಾರಿ ಪ್ರೌಢಶಾಲೆಗಳಲ್ಲಿ ಒಂಬತ್ತನೇ ತರಗತಿಗೆ ಬಂದ ವಿದ್ಯಾರ್ಥಿ ಮೂರನೇ ಭಾಷೆಯ ಬದಲಿಗೆ ಇವುಗಳಲ್ಲಿ ಒಂದನ್ನು ತೆಗೆದುಕೊಳ್ಳಬಹುದು. ಆಟೊಮೊಬೈಲ್ ತೆಗೆದುಕೊಂಡವರಿಗೆ ಎಂಜಿನ್, ಬ್ಯಾಟರಿಗಳ ಜೊತೆಗೆ ಬ್ರೇಕ್, ಸಸ್ಪೆನ್ಷನ್, ಸ್ಟೀರಿಂಗ್ ಎಂಬ ಮೂರು ಪಾಠಗಳಿವೆ. ಇಡೀ ವಿಷಯದಲ್ಲಿ ಎಲ್ಲರಿಗೂ ಬೇಕಾದವು ಈ ಮೂರೇ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ದಾವಣಗೆರೆ-ಹರಿಹರದಂಥ ಊರುಗಳಲ್ಲಂತೂ ಇವು ಐಚ್ಛಿಕ ವಿಷಯವಾಗಿ ಒಂದು ಮೂಲೆಯಲ್ಲಿ ಕೂರಬೇಕಾದವಲ್ಲ.

ಈ ಎರಡು ಊರಿನ ನಡುವೆ ಇರುವುದು ಹದಿನಾಲ್ಕು ಕಿಲೋಮೀಟರ್. ಪಕ್ಕದಲ್ಲೇ ಹೆದ್ದಾರಿ, ಊರೊಳಗೆ ಹಳೇ ಪಿ.ಬಿ. ರಸ್ತೆ. ಹತ್ತಿ ಗಿರಣಿಗಳ ಕಾಲ ಮುಗಿದ ಮೇಲೂ ಎಪಿಎಂಸಿಗೆ ಬರುವ ಮೆಕ್ಕೆಜೋಳ, ಭದ್ರಾ ನಾಲೆಯ ಭತ್ತ, ರೈಸ್ ಮಿಲ್ಲಿಗೆ ಸಾಲುಗಟ್ಟುವ ಟ್ರ್ಯಾಕ್ಟರುಗಳು. ಹಾಗಾಗಿ ಇಲ್ಲಿ ಬ್ರೇಕಿನ ಪಾಠವನ್ನು ಕಾರಿನಿಂದಲ್ಲ, ಟ್ರ್ಯಾಕ್ಟರಿನಿಂದ ಶುರು ಮಾಡಬೇಕು.

ಟ್ರ್ಯಾಕ್ಟರಿನ ಬಲಗಾಲ ಬಳಿ ಬ್ರೇಕಿನ ಪೆಡಲ್ ಒಂದಲ್ಲ, ಎರಡು. ಒಂದು ಎಡ ಹಿಂಚಕ್ರಕ್ಕೆ, ಇನ್ನೊಂದು ಬಲ ಹಿಂಚಕ್ರಕ್ಕೆ. ಗದ್ದೆಯ ಕೆಸರಿನಲ್ಲಿ ಬದುವಿನ ಅಂಚಿಗೆ ಬಂದಾಗ ಮುಂದಿನ ಚಿಕ್ಕ ಚಕ್ರಗಳು ಎಷ್ಟು ತಿರುಗಿಸಿದರೂ ಜಾರುತ್ತವೆ. ಆಗ ಒಂದೇ ಪೆಡಲ್ ಒತ್ತಿದರೆ ಆ ಕಡೆಯ ದೊಡ್ಡ ಚಕ್ರ ನಿಂತು, ಟ್ರ್ಯಾಕ್ಟರು ಅದರ ಸುತ್ತ ಗಿರ್ರನೆ ತಿರುಗುತ್ತದೆ. ಅಂದರೆ ಗದ್ದೆಯಲ್ಲಿ ಬ್ರೇಕೇ ಸ್ಟೀರಿಂಗು. ಬಹಳ ಚೆಂದದ ಉಪಾಯ. ಆದರೆ ಎರಡೂ ಪೆಡಲ್‌ಗಳನ್ನು ಜೋಡಿಸುವ ಒಂದು ಸಣ್ಣ ಕೊಂಡಿ ಅಲ್ಲೇ ಇರುತ್ತದೆ. ಗದ್ದೆ ಬಿಟ್ಟು ರಸ್ತೆಗೆ ಬಂದ ಕೂಡಲೇ ಅದನ್ನು ಹಾಕಲೇಬೇಕು. ಹಾಕದೆ ಡಾಂಬರು ರಸ್ತೆಯಲ್ಲಿ ಓಡಿಸುತ್ತಿರುವಾಗ ಎದುರಿಗೆ ದನವೋ ಬೈಕೋ ಬಂದು ಕಾಲು ಒಂದೇ ಪೆಡಲಿನ ಮೇಲೆ ಬಿತ್ತೆಂದರೆ, ಒಂದು ಚಕ್ರ ನಿಂತು ಇನ್ನೊಂದು ಓಡುತ್ತದೆ. ಟ್ರ್ಯಾಕ್ಟರು ಅಡ್ಡ ತಿರುಗಿ ಮಗುಚುತ್ತದೆ. ಹಿಂದೆ ತುಂಬಿದ ಟ್ರೇಲರ್ ಇದ್ದರೆ ಕೇಳುವುದೇ ಬೇಡ. ಅದರ ಅಷ್ಟೂ ಟನ್ ಭಾರ ಮುಂದಕ್ಕೆ ನುಗ್ಗುತ್ತದೆ. ಆ ಟ್ರೇಲರಿಗೆ ಸ್ವಂತ ಬ್ರೇಕು ಇರುವುದೂ ಅಪರೂಪವೇ. ಕೈಯಗಲದ ಒಂದು ಕಬ್ಬಿಣದ ಕೊಂಡಿ, ಅದನ್ನು ಹಾಕಲು ಒಂದೇ ಕ್ಷಣ. ನಮ್ಮ ಹಳ್ಳಿಗಳ ಎಷ್ಟು ಮನೆಗಳಲ್ಲಿ ಮಕ್ಕಳಿಗೆ ಇದು ಗೊತ್ತು? ಟ್ರ್ಯಾಕ್ಟರಿನ ಮಡ್‌ಗಾರ್ಡಿನ ಮೇಲೆ ಕೂತು ಬರುವವರು ಆ ಮಕ್ಕಳೇ.

ಇನ್ನು ದೂರದ ಲೆಕ್ಕ. ಒಂಬತ್ತನೇ ತರಗತಿಯ ವಿಜ್ಞಾನದ ‘ಚಲನೆ’ ಪಾಠದಲ್ಲಿ ಒಂದು ಉದಾಹರಣೆ ಬರುತ್ತದೆ: ಕಾರಿಗೆ ಬ್ರೇಕ್ ಹಾಕಿದಾಗ ಪ್ರತಿ ಸೆಕೆಂಡಿಗೂ ವೇಗ ಸೆಕೆಂಡಿಗೆ 6 ಮೀಟರಿನಷ್ಟು ಇಳಿದು ಎರಡು ಸೆಕೆಂಡಿನಲ್ಲಿ ನಿಂತರೆ ಅದು ಕ್ರಮಿಸಿದ ದೂರವೆಷ್ಟು? ಉತ್ತರ 12 ಮೀಟರ್. ಮಕ್ಕಳು ಸೂತ್ರ ಹಾಕಿ ಉತ್ತರ ಬರೆದು ಪುಟ ತಿರುವುತ್ತಾರೆ. ಅದೇ ಲೆಕ್ಕವನ್ನು ಶಾಲೆಯ ಮುಂದಿನ ರಸ್ತೆಗೆ ಹಚ್ಚಿ ನೋಡಿ. ಒಣ ಡಾಂಬರಿನ ಮೇಲೆ ಒಳ್ಳೆಯ ಟೈರಿರುವ ಗಾಡಿ 36 ಕಿಲೋಮೀಟರ್ ವೇಗದಲ್ಲಿದ್ದರೆ ಬ್ರೇಕ್ ಹಾಕಿದ ಮೇಲೆ ಸುಮಾರು 7 ಮೀಟರಿಗೆ ನಿಲ್ಲುತ್ತದೆ. ವೇಗ 72ಕ್ಕೆ ಏರಿದರೆ ಬೇಕಾಗುವುದು ಹದಿನಾಲ್ಕಲ್ಲ, 29 ಮೀಟರ್. ವೇಗ ಎರಡು ಪಟ್ಟಾದರೆ ದೂರ ನಾಲ್ಕು ಪಟ್ಟು. ಇದಕ್ಕೆ ಕಣ್ಣು ಕಂಡು ಕಾಲು ಪೆಡಲಿಗೆ ಹೋಗುವ ಒಂದು ಸೆಕೆಂಡನ್ನು ಸೇರಿಸಿ. ಆ ಸೆಕೆಂಡಿನಲ್ಲಿ ಮೊದಲ ಗಾಡಿ 10 ಮೀಟರ್, ಎರಡನೆಯದು 20 ಮೀಟರ್ ಹೋಗಿಬಿಟ್ಟಿರುತ್ತದೆ. ಒಟ್ಟು 17 ಮೀಟರ್ ಎಲ್ಲಿ, 49 ಮೀಟರ್ ಎಲ್ಲಿ! ಮೈದಾನದಲ್ಲಿ ಸುಣ್ಣದ ಗೆರೆ ಎಳೆದು ಈ ಎರಡು ದೂರಗಳನ್ನು ಮಕ್ಕಳ ಕೈಯಲ್ಲೇ ಅಳೆಸಿದರೆ ಸಾಕು, ‘ನಿಧಾನವಾಗಿ ಚಲಿಸಿ’ ಎಂಬ ಫಲಕ ಮಾಡಲಾಗದ್ದನ್ನು ಆ ಗೆರೆ ಮಾಡುತ್ತದೆ.

ಸುಗ್ಗಿಯ ದಿನಗಳಲ್ಲಿ ಈ ಲೆಕ್ಕ ಇನ್ನೂ ಕೆಡುತ್ತದೆ. ಕಣ ಮಾಡುವವರು ಕಡಿಮೆಯಾಗಿ ರಸ್ತೆಯೇ ಕಣವಾಗಿದೆ. ರಾಗಿ, ಹುರುಳಿಯ ಒಕ್ಕಣೆ ರಸ್ತೆಯ ಮೇಲೆಯೇ, ಮೆಕ್ಕೆಜೋಳ ಒಣಗಿಸುವುದೂ ಅಲ್ಲೇ. ರೈತನ ಕಷ್ಟ ಗೊತ್ತಿದ್ದೇ ಹೇಳುತ್ತೇನೆ, ಕಾಳಿನ ಮೇಲೆ, ಹೊಟ್ಟಿನ ಮೇಲೆ ಟೈರಿಗೆ ಹಿಡಿತವಿಲ್ಲ. ಹಿಡಿತ ಅರ್ಧಕ್ಕಿಳಿದರೆ ನಿಲ್ಲುವ ದೂರ ಎರಡು ಪಟ್ಟಾಗುತ್ತದೆ. ಬ್ರೇಕು ಎಷ್ಟೇ ಹೊಸದಿರಲಿ, ಅದು ನಿಲ್ಲಿಸುವುದು ಚಕ್ರವನ್ನು ಮಾತ್ರ. ಗಾಡಿಯನ್ನು ನಿಲ್ಲಿಸುವುದು ಟೈರು ಮತ್ತು ರಸ್ತೆಯ ನಡುವಿನ ಘರ್ಷಣೆ. ಈ ಒಂದು ಮಾತನ್ನು ಮಗು ಸರಿಯಾಗಿ ಗ್ರಹಿಸಿತೆಂದರೆ ಬ್ರೇಕಿನ ಅರ್ಧ ಪಾಠ ಮುಗಿದಂತೆ.

‘ಮುಂದಿನ ಬ್ರೇಕ್ ಮುಟ್ಟಬ್ಯಾಡಪ್ಪ, ಬೀಳ್ತಿ’ ಎಂದು ಮಗನಿಗೆ ಬೈಕು ಕೊಡುವಾಗ ಹೇಳದ ಅಪ್ಪ ನಮ್ಮಲ್ಲಿಲ್ಲ. ಪ್ರೀತಿಯಿಂದ ಹೇಳುವ ತಪ್ಪು ಬುದ್ಧಿವಾದ ಇದು. ಬ್ರೇಕ್ ಹಾಕಿದಾಗ ಗಾಡಿಯ ಮತ್ತು ಸವಾರನ ಭಾರ ಮುಂದಕ್ಕೆ ವಾಲುತ್ತದೆ. ಮುಂದಿನ ಟೈರು ರಸ್ತೆಯನ್ನು ಒತ್ತಿ ಹಿಡಿಯುತ್ತದೆ, ಹಿಂದಿನದು ಹಗುರಾಗುತ್ತದೆ. ಹಗುರಾದ ಚಕ್ರದ ಬ್ರೇಕನ್ನೇ ನಂಬಿದವನು ಜಾರುತ್ತಾನೆ, ನಿಲ್ಲುವುದಿಲ್ಲ. ನೇರ ರಸ್ತೆಯಲ್ಲಿ ಎರಡನ್ನೂ ಹದವಾಗಿ, ಒಟ್ಟಿಗೆ ಹಿಡಿಯಬೇಕು. ಮರಳು, ಕೆಸರಿದ್ದಲ್ಲಿ ಮತ್ತು ತಿರುವಿನಲ್ಲಿ ಮಾತ್ರ ಮುಂದಿನದನ್ನು ಹಗುರ ಕೈಯಲ್ಲಿ. ಸರ್ಕಾರ ಇದನ್ನು ಒಪ್ಪಿಕೊಂಡೇ 2019ರ ಏಪ್ರಿಲ್‌ನಿಂದ 125 ಸಿಸಿವರೆಗಿನ ಹೊಸ ದ್ವಿಚಕ್ರ ವಾಹನಗಳಿಗೆ ಒಂದು ಹಿಡಿದರೆ ಎರಡೂ ಹಿಡಿಯುವ ಕಾಂಬಿ ಬ್ರೇಕನ್ನೂ, ಅದಕ್ಕೂ ದೊಡ್ಡವಕ್ಕೆ ಚಕ್ರ ಬಿಗಿದುಕೊಳ್ಳದಂತೆ ತಡೆಯುವ ಎಬಿಎಸ್ ಅನ್ನೂ ಕಡ್ಡಾಯ ಮಾಡಿತು. ಹಳೆಯ ಗಾಡಿಗಳು ಮಾತ್ರ ಹಾಗೆಯೇ ಓಡುತ್ತಿವೆ, ಹಳೆಯ ಬುದ್ಧಿವಾದವೂ.

ತರಗತಿಯಲ್ಲಿ ನಿಜವಾದ ಬ್ರೇಕನ್ನು ಬಿಚ್ಚಿದಾಗ ಏನು ಕಾಣುತ್ತದೆ? ಕಾರಿನ ಪೆಡಲ್ ಒಂದು ಸನ್ನೆಕೋಲು. ಕಾಲಿನ ಬಲ ಅಲ್ಲೇ ನಾಲ್ಕೈದು ಪಟ್ಟಾಗುತ್ತದೆ. ಆ ಸನ್ನೆಕೋಲು ಮಾಸ್ಟರ್ ಸಿಲಿಂಡರಿನ ಪಿಸ್ಟನ್ ನೂಕುತ್ತದೆ. ಒಳಗಿನ ಬ್ರೇಕ್ ಆಯಿಲ್ ಕುಗ್ಗುವುದಿಲ್ಲ, ಹಾಗಾಗಿ ಒತ್ತಡ ಪೈಪುಗುಂಟ ಎಲ್ಲ ಚಕ್ರಗಳಿಗೂ ಸಮನಾಗಿ ಹೋಗುತ್ತದೆ. ಹದಿನೇಳನೇ ಶತಮಾನದ ಫ್ರಾನ್ಸಿನ ಪಾಸ್ಕಲ್ ಹೇಳಿದ ನಿಯಮ ಇದೇ. ಚಕ್ರದ ಬಳಿ ದೊಡ್ಡ ಪಿಸ್ಟನ್ ಇದ್ದರೆ ಬಲ ಇನ್ನಷ್ಟು ಹೆಚ್ಚುತ್ತದೆ. ಅದು ಲೈನರ್‌ಗಳನ್ನು ಡ್ರಮ್ಮಿನ ಒಳಮೈಗೆ ಒತ್ತುತ್ತದೆ, ಇಲ್ಲವೇ ಪ್ಯಾಡುಗಳಿಂದ ಡಿಸ್ಕನ್ನು ಎರಡೂ ಬದಿಯಿಂದ ಅದುಮುತ್ತದೆ.

ಈ ಪೈಪಿನೊಳಗೆ ಒಂದು ಗುಳ್ಳೆ ಗಾಳಿ ಹೊಕ್ಕರೂ ಆಟ ಮುಗಿಯಿತು. ಆಯಿಲ್ ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ. ಕಾಲಿನ ಬಲವೆಲ್ಲ ಗುಳ್ಳೆಯನ್ನು ಹಿಂಡುವುದರಲ್ಲೇ ಕಳೆದುಹೋಗುತ್ತದೆ. ಏರ್ ತೆಗೆಯುವ ಕೆಲಸಕ್ಕೆ ಇಬ್ಬರು ಬೇಕು, ಒಬ್ಬ ಸೀಟಿನಲ್ಲಿ, ಇನ್ನೊಬ್ಬ ಚಕ್ರದ ಹತ್ತಿರ. ಯಾವ ಗ್ಯಾರೇಜಿಗೆ ಹೋದರೂ ಆ ಸಂಭಾಷಣೆ ಒಂದೇ:

‘ಪಂಪ್ ಮಾಡಲೇ… ಇನ್ನೊಂದ್ಸಲ… ಹಿಡ್ಕಾ!’

‘ಹಿಡ್ದೀನಿ ಅಣ್ಣಾ.’

‘ನಾ ಹೇಳಾತನ್ಕ ಬಿಡಬ್ಯಾಡ.’

ಕೆಳಗಿದ್ದವನು ಗಾಳಿ ಹೊರಬಿಡುವ ನಿಪ್ಪಲ್ಲನ್ನು ಕಾಲು ಸುತ್ತು ಸಡಿಲಿಸುತ್ತಾನೆ. ಬಾಟಲಿಯಲ್ಲಿ ಮುಳುಗಿಸಿದ ತೆಳು ಪೈಪಿನಿಂದ ಗುಳುಗುಳು ಗುಳ್ಳೆ ಬರುತ್ತದೆ, ಪೆಡಲ್ ಕೆಳಗಿಳಿಯುತ್ತದೆ. ನಿಪ್ಪಲ್ ಬಿಗಿಯಾಗುವ ತನಕ ಮೇಲಿನವನು ಕಾಲು ತೆಗೆಯುವಂತಿಲ್ಲ. ತೆಗೆದನೋ, ಹೊರಗಿನ ಗಾಳಿ ಮತ್ತೆ ಒಳಕ್ಕೆ. ಗುಳ್ಳೆ ನಿಂತು ಆಯಿಲ್ ದಾರದಂತೆ ಹರಿದಾಗ ಒಂದು ಚಕ್ರ ಮುಗಿದಂತೆ. ಒಬ್ಬನ ಕಿವಿ ಇನ್ನೊಬ್ಬನ ಮಾತಿನ ಮೇಲೆ ನಿಂತಿರುವ ಈ ಕೆಲಸಕ್ಕಿಂತ ಒಳ್ಳೆಯ ಪ್ರಯೋಗ ಪ್ರೌಢಶಾಲೆಯ ಯಾವ ಲ್ಯಾಬಿನಲ್ಲಿದೆ? ಆಯಿಲ್ ಡಬ್ಬಿಯ ಮೇಲೆ ಡಾಟ್ 3, ಡಾಟ್ 4 ಎಂದು ಏಕೆ ಬರೆದಿರುತ್ತದೆ ಎಂಬುದೂ ಇಲ್ಲೇ ತಿಳಿಯಬೇಕು. ಈ ದ್ರವ ಗಾಳಿಯಲ್ಲಿನ ನೀರನ್ನು ಹೀರುತ್ತದೆ. ಹೊಸ ಡಾಟ್ 3 ಕುದಿಯುವುದು 205 ಡಿಗ್ರಿ ಸೆಲ್ಸಿಯಸ್‌ಗೂ ಮೇಲೆ, ನೀರು ಹೀರಿದ್ದಕ್ಕೆ ಖಾತ್ರಿಯಿರುವುದು 140ರವರೆಗೆ ಮಾತ್ರ. ಆಯಿಲ್ ಕುದಿದರೆ ಆವಿ, ಆವಿಯೆಂದರೆ ಮತ್ತೆ ಅದೇ ಗುಳ್ಳೆ. ಘಟ್ಟ ಇಳಿಯುವ ಗಾಡಿಗಳಲ್ಲಿ ಪೆಡಲ್ ದಿಢೀರನೆ ನೆಲ ಮುಟ್ಟುವುದು ಹೀಗೆ.

ಆ ಬಿಸಿ ಸಣ್ಣದಲ್ಲ. ಹತ್ತು ಟನ್ನಿನ ಲಾರಿ ಗಂಟೆಗೆ 60 ಕಿಲೋಮೀಟರ್ ವೇಗದಿಂದ ಒಮ್ಮೆ ನಿಂತಿತೆಂದರೆ ಅದರ ಚಲನಶಕ್ತಿಯಷ್ಟೂ ಬಿಸಿಯಾಗಿ ಡ್ರಮ್ಮುಗಳಿಗೆ ಹೋಗುತ್ತದೆ. ನಾಲ್ಕು ಲೀಟರ್ ತಣ್ಣೀರನ್ನು ಕುದಿಯುವ ಹಂತಕ್ಕೆ ತರಲು ಅಷ್ಟು ಬಿಸಿ ಸಾಕು. ಇಲ್ಲಿಂದ ಕರಾವಳಿಗೆ ಹೊರಟ ಲಾರಿ ಘಟ್ಟದಲ್ಲಿ ತಿರುವಿಗೊಮ್ಮೆ ಬ್ರೇಕ್ ಹಿಡಿದರೆ ಡ್ರಮ್ ತಣ್ಣಗಾಗಲು ಪುರಸೊತ್ತೇ ಇರುವುದಿಲ್ಲ. ಲೈನರ್ ಹಿಡಿತ ಬಿಡುತ್ತದೆ. ಹತ್ತಿದ ಗೇರಿನಲ್ಲೇ ಇಳಿ ಎಂದು ಹಳೆಯ ಡ್ರೈವರುಗಳು ಹೇಳುವುದು ಇದಕ್ಕೇ. ಕೆಳ ಗೇರಿನಲ್ಲಿ ಎಂಜಿನ್ನೇ ಗಾಡಿಯನ್ನು ಹಿಂದಕ್ಕೆ ಹಿಡಿದಿರುತ್ತದೆ, ಬ್ರೇಕು ತಣ್ಣಗಿರುತ್ತದೆ. ಡೀಸೆಲ್ ಉಳಿಸಲೆಂದು ನ್ಯೂಟ್ರಲ್‌ನಲ್ಲಿ ಇಳಿಸುವವರು ಉಳಿಸುವುದು ಎಷ್ಟು ರೂಪಾಯಿಯನ್ನು, ಪಣಕ್ಕಿಡುವುದು ಏನನ್ನು!

ಹರಿಹರದ ಹೆಸರು ಈ ಕತೆಯಲ್ಲಿ ಬರುವುದು ಡ್ರಮ್ಮಿನ ಮೂಲಕ. ಲೈನರ್ ತೇದು ತೇದು ಡ್ರಮ್ಮಿನ ಒಳಮೈಯಲ್ಲಿ ಗೀರು ಬಿದ್ದಾಗ ಅದನ್ನು ಲೇತ್‌ಗೆ ಹಾಕಿ ಸಮ ಮಾಡಿಸುತ್ತಾರೆ. 1941ರಲ್ಲಿ ಹರಿಹರದಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ತಯಾರಿಸುತ್ತಿದ್ದುದು ಲೇತ್‌ಗಳನ್ನೇ. ಊರಿನ ಯಂತ್ರಪುರ ಎಂಬ ಪ್ರದೇಶದ ಹೆಸರೇ ಆ ಕಾರ್ಖಾನೆಯ ಗುರುತು. ಈ ಶತಮಾನದ ಆರಂಭದಲ್ಲಿ ಅದು ಬಾಗಿಲು ಹಾಕಿದಾಗ ಕಾರ್ಮಿಕರ ಮನೆಗಳು ಪಟ್ಟ ಪಾಡನ್ನು ಊರು ಮರೆತಿಲ್ಲ. ಆದರೆ ಅಲ್ಲಿಂದ ಹೊರಬಂದ ಲೇತ್‌ಗಳು ದೇಶದ ಮೂಲೆಮೂಲೆಯ ವರ್ಕ್‌ಶಾಪುಗಳಲ್ಲಿ ಈಗಲೂ ತಿರುಗುತ್ತಿವೆ. ಡ್ರಮ್ಮನ್ನು ಮನಬಂದಷ್ಟು ತುರಿಯುವಂತಿಲ್ಲ ಎಂಬುದೇ ಇಲ್ಲಿನ ಮುಖ್ಯ ಪಾಠ. ಗರಿಷ್ಠ ವ್ಯಾಸ ಎಷ್ಟೆಂದು ಬಹಳಷ್ಟು ಡ್ರಮ್ಮಿನ ಮೈಮೇಲೇ ಅಚ್ಚಾಗಿರುತ್ತದೆ. ಅದನ್ನು ದಾಟಿದರೆ ಡ್ರಮ್ ತೆಳುವಾಗಿ ಬಿಸಿ ತಾಳದೆ ಬಿರಿಯುತ್ತದೆ. ವರ್ನಿಯರ್ ಕ್ಯಾಲಿಪರ್ ಹಿಡಿದು ಮಿಲಿಮೀಟರಿನ ಹತ್ತನೇ ಒಂದು ಭಾಗ ಓದಲು ಬಂದ ಹುಡುಗಿ ಆ ಡ್ರಮ್ ಉಳಿಯುತ್ತದೋ ಗುಜರಿಗೆ ಹೋಗುತ್ತದೋ ಎಂದು ತಾನೇ ತೀರ್ಮಾನಿಸಬಲ್ಲಳು. ಅಳತೆಯ ಈ ಶಿಸ್ತು ಹರಿಹರದ ಆಸ್ತಿ. ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರದ ಶಾಖೆ ಇದೇ ಊರಿನಲ್ಲಿದೆ. ಅಲ್ಲಿಗೆ ಎಸ್ಸೆಸ್ಸೆಲ್ಸಿ ಮುಗಿಸಿ ಹೋಗುವ ಮಕ್ಕಳ ಕೈಗೆ ವರ್ನಿಯರ್ ಒಂಬತ್ತರಲ್ಲೇ ಸಿಕ್ಕಿದ್ದರೆ ಎಷ್ಟು ಚೆನ್ನ!

ಸಸ್ಪೆನ್ಷನ್ ಎಂದರೆ ಸೊಂಟ ಉಳಿಸುವ ಅನುಕೂಲ ಎಂದಷ್ಟೇ ಜನ ತಿಳಿದಿದ್ದಾರೆ. ಅದರ ಮೊದಲ ಕೆಲಸ ಟೈರನ್ನು ನೆಲಕ್ಕೆ ಅಂಟಿಸಿಡುವುದು. ಹಂಪ್ ದಾಟಿದ ಮೇಲೂ ಗಾಡಿ ಕುಣಿಯುತ್ತಲೇ ಇದ್ದರೆ ಸ್ಪ್ರಿಂಗಿನ ನೆಗೆತವನ್ನು ಅಡಗಿಸುವ ಶಾಕ್ ಅಬ್ಸಾರ್ಬರ್ ಸತ್ತಿದೆ ಎಂದರ್ಥ. ಕುಣಿಯುವ ಟೈರು ಅರ್ಧ ಹೊತ್ತು ನೆಲವನ್ನು ಸರಿಯಾಗಿ ಒತ್ತುವುದೇ ಇಲ್ಲ, ಒತ್ತದ ಟೈರಿಗೆ ಬ್ರೇಕ್ ಹಾಕಿ ಫಲವಿಲ್ಲ. ನಿಂತ ಕಾರಿನ ಮೂಲೆಯನ್ನು ಜೋರಾಗಿ ಅದುಮಿ ಬಿಟ್ಟು ನೋಡಿ. ಒಮ್ಮೆ ಎದ್ದು ನಿಂತರೆ ಸರಿ, ಮೂರ್ನಾಲ್ಕು ಸಲ ತೂಗಿದರೆ ಗ್ಯಾರೇಜಿಗೆ ಒಯ್ಯಿರಿ. ಬೈಕಿನ ಮುಂದಿನ ಫೋರ್ಕಿನಲ್ಲಿ ಎಣ್ಣೆಯ ಉಂಗುರ ಕಂಡರೆ ಸೀಲ್ ಹೋಗಿದೆ. ಆ ಎಣ್ಣೆ ಡಿಸ್ಕಿಗೆ ಇಳಿಯುವ ಮೊದಲೇ ಬದಲಿಸಬೇಕು.

ಸ್ಟೀರಿಂಗಿನಲ್ಲಿ ನನಗೆ ಬಹಳ ಇಷ್ಟವಾದ ಸಂಗತಿ ಒಂದಿದೆ. ತಿರುವಿನಲ್ಲಿ ಗಾಡಿಯ ಎರಡು ಮುಂಚಕ್ರಗಳು ಒಂದೇ ಕೋನದಲ್ಲಿ ತಿರುಗುವುದಿಲ್ಲ, ತಿರುಗಲೂಬಾರದು. ಒಳಗಿನ ಚಕ್ರ ಚಿಕ್ಕ ವೃತ್ತದಲ್ಲಿ, ಹೊರಗಿನದು ದೊಡ್ಡ ವೃತ್ತದಲ್ಲಿ ಸಾಗಬೇಕು. ಆದ್ದರಿಂದ ಒಳಗಿನದು ಹೆಚ್ಚು ತಿರುಗಬೇಕು. ಮ್ಯೂನಿಕ್ಕಿನ ಗಾಡಿ ತಯಾರಕ ಲಾಂಕೆನ್‌ಸ್ಪೆರ್ಗರ್ ಕುದುರೆ ಸಾರೋಟಿಗಾಗಿ ಹುಡುಕಿದ ಈ ಜೋಡಣೆಗೆ 1818ರಲ್ಲಿ ಲಂಡನ್ನಿನಲ್ಲಿ ಪೇಟೆಂಟ್ ತೆಗೆದುಕೊಂಡವನು ಅವನ ಪ್ರತಿನಿಧಿ ಆಕರ್ಮನ್. ಹೆಸರು ಅವನದೇ ಉಳಿಯಿತು. ವೃತ್ತದ ಕೇಂದ್ರ, ತ್ರಿಜ್ಯ, ಲಂಬ ಎಂದು ಗಣಿತದಲ್ಲಿ ಕಲಿಯುವುದೆಲ್ಲ ಇಲ್ಲಿದೆ. ನೆಲದ ಮೇಲೆ ಚಾಕ್‌ಪೀಸಿನಿಂದ ನಾಲ್ಕು ಚಕ್ರಗಳನ್ನು ಬರೆದು, ಪ್ರತಿ ಚಕ್ರಕ್ಕೆ ಲಂಬ ಎಳೆದರೆ ಎಲ್ಲವೂ ಒಂದೇ ಬಿಂದುವಿನಲ್ಲಿ ಸೇರಬೇಕು. ಸೇರದಿದ್ದರೆ ಯಾವುದೋ ಟೈರು ಉಜ್ಜಿಕೊಂಡು ಹೋಗುತ್ತಿದೆ. ಟೈರಿನ ಒಂದೇ ಅಂಚು ಸವೆದಿದ್ದರೆ ಅಲೈನ್‌ಮೆಂಟ್ ನೋಡಿಸಿ ಎನ್ನುವುದರ ಹಿಂದೆ ಇರುವುದೂ ಇಂಥದೇ ಲೆಕ್ಕ.

ಹಿಂದೆ ಇದನ್ನೆಲ್ಲ ಹುಡುಗರು ಕಲಿಯುತ್ತಿದ್ದುದು ಗ್ಯಾರೇಜಿನ ನೆಲದಲ್ಲಿ. ಹತ್ತನೇ ವಯಸ್ಸಿಗೆ ಶಾಲೆ ಬಿಟ್ಟು, ಪಾನಾ ತೊಳೆದು, ಚಹಾ ತಂದು, ಬೈಗುಳ ತಿಂದು, ಹದಿನೆಂಟಕ್ಕೆ ಮೇಸ್ತ್ರಿಯಾಗುತ್ತಿದ್ದರು. ಕೈಚಳಕಕ್ಕೆ ಸಾಟಿಯಿಲ್ಲ, ಆದರೆ ಆ ದಾರಿಗೆ ತೆತ್ತ ಬೆಲೆ ದೊಡ್ಡದು. ಹಳೆಯ ಲೈನರ್‌ಗಳಲ್ಲಿ ಕಲ್ನಾರು ಇರುತ್ತಿತ್ತು. ಡ್ರಮ್ ಬಿಚ್ಚಿ ಬಾಯಿಂದ ‘ಫೂ’ ಎಂದು ಊದಿದ ಆ ಧೂಳು ಶ್ವಾಸಕೋಶಕ್ಕೆ ವಿಷ. ಬಾಲಕಾರ್ಮಿಕ ನಿಷೇಧ ಕಾನೂನು ಆಟೊಮೊಬೈಲ್ ಗ್ಯಾರೇಜುಗಳನ್ನು ನಿಷೇಧಿತ ಪಟ್ಟಿಗೆ ಸೇರಿಸಿತು, 2016ರ ತಿದ್ದುಪಡಿ ಹದಿನಾಲ್ಕರ ಒಳಗಿನವರ ದುಡಿಮೆಯನ್ನೇ ಬಹುಮಟ್ಟಿಗೆ ಮುಚ್ಚಿತು. ಒಳ್ಳೆಯದೇ ಆಯಿತು. ಆದರೆ ಒಂದು ಬಾಗಿಲು ಮುಚ್ಚಿದಾಗ ಆ ವಿದ್ಯೆಗೆ ಇನ್ನೊಂದು ಬಾಗಿಲು ತೆರೆಯುವ ಹೊಣೆ ಶಾಲೆಯದು. ಶಾಲೆಯಲ್ಲಾದರೆ ಧೂಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಲು ಕಲಿಸಬಹುದು, ಜಾಕಿನ ಜೊತೆ ಸ್ಟ್ಯಾಂಡ್ ಕೊಡದೆ ಗಾಡಿಯಡಿ ತಲೆ ಹಾಕಬಾರದು ಎಂದು ಕಲಿಸಬಹುದು. ಹುಡುಗಿಯರೂ ಕಲಿಯಬಹುದು. ಗ್ಯಾರೇಜಿನ ನೆಲದಲ್ಲಿ ಅವರಿಗೆ ಜಾಗವೇ ಇರಲಿಲ್ಲ.

ಹಾಗಿದ್ದರೆ ತೊಡಕೆಲ್ಲಿದೆ? ಮೊದಲನೆಯದು ನಮ್ಮ ತಲೆಯಲ್ಲಿ. ವೃತ್ತಿಶಿಕ್ಷಣವೆಂದರೆ ಅಂಕ ಬಾರದ ಮಕ್ಕಳನ್ನು ದಾಟಿಸುವ ಉಪಾಯ ಎಂಬ ಭಾವನೆ ಶಿಕ್ಷಕರಲ್ಲೂ ಇದೆ, ಪಾಲಕರಲ್ಲೂ ಇದೆ. 1951ರಿಂದ ಎಂಜಿನಿಯರಿಂಗ್ ಕಾಲೇಜು ಇರುವ ದಾವಣಗೆರೆಯಲ್ಲಿ ಈ ತಾತ್ಸಾರ ಉಳಿಯಬಾರದಿತ್ತು. ಎರಡನೆಯದು, ಪಾಠ ಮಾಡುವವರು ಕಾಯಂ ಶಿಕ್ಷಕರಲ್ಲ. ಏಜೆನ್ಸಿಗಳ ಮೂಲಕ ಬರುವ ಗುತ್ತಿಗೆ ತರಬೇತುದಾರರು. ಮುಂದಿನ ವರ್ಷ ತಾನಿರುತ್ತೇನೋ ಇಲ್ಲವೋ ಎಂಬ ಆತಂಕದಲ್ಲಿರುವವರು ಲ್ಯಾಬ್ ಕಟ್ಟುವುದು ಹೇಗೆ? ಮೂರನೆಯದೇ ನನ್ನನ್ನು ಹೆಚ್ಚು ಕಾಡುವುದು: ಬ್ರೇಕನ್ನು ಚಿತ್ರ ಬರೆದು ಕಲಿಯಲಾಗದು. ಡ್ರಮ್ ಬ್ರೇಕಿನ ಅಂದದ ಚಿತ್ರ ಬರೆದು ಐದಕ್ಕೆ ಐದು ತೆಗೆದ ಮಗು ಒಂದು ಲೈನರನ್ನೂ ಮುಟ್ಟಿರದಿದ್ದರೆ ಆ ಐದು ಅಂಕಕ್ಕೆ ಅರ್ಥವಿಲ್ಲ. 2025ರ ಹೊತ್ತಿಗೆ ಅರ್ಧದಷ್ಟು ವಿದ್ಯಾರ್ಥಿಗಳಿಗಾದರೂ ವೃತ್ತಿಶಿಕ್ಷಣದ ಪರಿಚಯವಾಗಬೇಕೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಗುರಿ ಹಾಕಿತ್ತು. ಪರಿಚಯ ಕಾಗದದಲ್ಲೇ ಆದರೆ ಗುರಿ ಮುಟ್ಟಿಯೂ ಪ್ರಯೋಜನವಿಲ್ಲ.

ವಿದ್ಯುತ್ ವಾಹನ ಬಂದ ಮೇಲೆ ಈ ಕಸುಬಿಗೆ ಭವಿಷ್ಯವೆಲ್ಲಿ ಎಂದು ಪಾಲಕರು ಕೇಳುವುದುಂಟು. ಎಂಜಿನ್ ಹೋಗುತ್ತದೆ, ಕಾರ್ಬ್ಯುರೇಟರ್, ಸ್ಪಾರ್ಕ್ ಪ್ಲಗ್, ಸೈಲೆನ್ಸರ್ ಹೋಗುತ್ತವೆ. ಬ್ರೇಕು, ಶಾಕ್ ಅಬ್ಸಾರ್ಬರು, ಸ್ಟೀರಿಂಗು ಎಲ್ಲಿಗೂ ಹೋಗುವುದಿಲ್ಲ. ವಿದ್ಯುತ್ ಗಾಡಿಯಲ್ಲಿ ಮೋಟಾರೇ ವೇಗ ತಗ್ಗಿಸಿ ಬ್ಯಾಟರಿಗೆ ಕರೆಂಟು ಮರಳಿಸುತ್ತದೆ, ನಿಜ. ಹಾಗಾಗಿ ಡಿಸ್ಕಿಗೆ ಕೆಲಸ ಕಡಿಮೆಯಾಗಿ ತುಕ್ಕು ಹಿಡಿಯುವ ಹೊಸ ಕಾಯಿಲೆ ಬಂದಿದೆ, ಅದನ್ನೂ ಯಾರೋ ಬಿಚ್ಚಿ ನೋಡಲೇಬೇಕು. ಮೋಟಾರು ವಾಹನದ ವಿದ್ಯೆಯಲ್ಲಿ ಮುಂದಿನ ಮೂವತ್ತು ವರ್ಷ ಬಾಳುವ ಭಾಗ ಇದು ಎಂದು ಧೈರ್ಯವಾಗಿ ಹೇಳಬಹುದು. ಮಕ್ಕಳು ಮುಂದೆ ಐಟಿಐ ಸೇರಲಿ, ಪಾಲಿಟೆಕ್ನಿಕ್ ಸೇರಲಿ, ವಿಜ್ಞಾನ ಓದಿ ಡಾಕ್ಟರೇ ಆಗಲಿ, ಗಾಡಿಯನ್ನಂತೂ ಓಡಿಸಿಯೇ ಓಡಿಸುತ್ತಾರೆ.

ಗೇರಿನ ಬೈಕಿಗೆ ಲೈಸೆನ್ಸ್ ಸಿಗುವುದು ಹದಿನೆಂಟಕ್ಕೆ. ಅಪ್ರಾಪ್ತರ ಕೈಗೆ ಗಾಡಿ ಕೊಟ್ಟರೆ ಪಾಲಕರಿಗೆ 25 ಸಾವಿರ ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು ಎಂದು 2019ರ ತಿದ್ದುಪಡಿ ಹೇಳುತ್ತದೆ. ಅಂದರೆ ಓಡಿಸುವ ವಯಸ್ಸಿಗೆ ಇನ್ನೂ ನಾಲ್ಕು ವರ್ಷ ಇರುವಾಗಲೇ ನಿಲ್ಲಿಸುವ ಪಾಠ ಶುರುವಾಗುತ್ತದೆ. ಸರಿಯಾದ ಕ್ರಮ ಅದೇ.

ಜೂನ್‌ನಲ್ಲಿ ಒಂಬತ್ತನೇ ತರಗತಿಗೆ ಮಗುವನ್ನು ಸೇರಿಸುವವರಿಗೆ ಒಂದು ಮಾತು. ದಾವಣಗೆರೆ ಉತ್ತರ, ದಕ್ಷಿಣ ಅಥವಾ ಹರಿಹರದ ಬಿಇಒ ಕಚೇರಿಯಲ್ಲಿ ಯಾವ ಶಾಲೆಯಲ್ಲಿ ಯಾವ ವೃತ್ತಿ ವಿಷಯವಿದೆ ಎಂದು ಕೇಳಿ ತಿಳಿಯಿರಿ. ಆಟೊಮೊಬೈಲ್ ಇದೆ ಎಂದರೆ ಶಾಲೆಗೆ ಹೋಗಿ, ಮೇಜಿನ ಮೇಲೆ ನಿಜವಾದ ಬ್ರೇಕ್ ಡ್ರಮ್ ಇದೆಯೇ ಎಂದು ನೋಡಿ. ಇಲ್ಲವಾದರೆ ಎಸ್‌ಡಿಎಂಸಿ ಸಭೆಯಲ್ಲಿ ಎದ್ದು ನಿಂತು ಕೇಳಿ. ಪಿ.ಬಿ. ರಸ್ತೆಯ ಗ್ಯಾರೇಜು ಮಾಲೀಕರೇ, ಗುಜರಿಗೆ ತೂಕಕ್ಕೆ ಹಾಕುವ ಒಂದು ಹಳೆಯ ಮುಂದಿನ ಆಕ್ಸಲ್, ಒಂದು ಮಾಸ್ಟರ್ ಸಿಲಿಂಡರ್, ಒಂದು ಸ್ಟೀರಿಂಗ್ ಬಾಕ್ಸನ್ನು ಹತ್ತಿರದ ಸರ್ಕಾರಿ ಪ್ರೌಢಶಾಲೆಗೆ ಕೊಡಿ. ಬಿಡುವಿದ್ದ ಒಂದು ಶನಿವಾರ ನೀವೇ ಹೋಗಿ ಅದನ್ನು ಬಿಚ್ಚಿ ಜೋಡಿಸಿ ತೋರಿಸಿ.